ದೋಣಿಯಲ್ಲಿ ಮರ್ಯಾದೆ ಬೇಡ ಎಂದ ಕಾಕೂ

ಮೊನ್ನೆ ಗೋರೆಗಾಂವ್‌ನ ಒಂದು ಅಂಗಡಿಗೆ ಮಗಳ ಈಜುಡುಗೆ ಕೊಳ್ಳಲು ಹೋಗಿದ್ದೆ. ಮೂಲೆಯಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳನ್ನು ತೂಗುಹಾಕಿದ್ದರು. ಹತ್ತಿರ ಹೋದಾಗ ಹೊಸ ನೈಲಾನಿನ ವಾಸನೆ ಮೂಗಿಗೆ ಬಂತು. ಒಂದು ಹೆಜ್ಜೆ ಹಿಂದೆ ಸರಿದೆ. ಆಮೇಲೆ ಯಾಕೋ ನಗುವೂ ಬಂತು... ನಮಗೆ ಚಿಕ್ಕಮ್ಮನಂತಿದ್ದ ಕಾಕೂ ನೆನಪಾದರು.

ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿನಲ್ಲಿ ಅವರ ಮನೆ ನಮ್ಮ ಮನೆಯ ನೇರ ಮೇಲೆ. ಬೆಳಗಾವಿಯವರು, ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಕೂರಲು ಬೇಸರವೆಂದು ಹಾಯಿದೋಣಿ ನಡೆಸಲು ಕಲಿತು, ಭಾನುವಾರ ಹೊಸಬರಿಗೂ ಕಲಿಸತೊಡಗಿದ್ದರು. ನನ್ನನ್ನೂ ನನ್ನ ಗಂಡನನ್ನೂ ಬಿಡಲಿಲ್ಲ. ಗಂಡನ ಊರು ಉಡುಪಿ, ವಿಲೆ ಪಾರ್ಲೆಯಲ್ಲಿ ಹೋಟೆಲು. “ಕಡಲ ಕಡಿಂದ ಬಂದು ಬೆಳಗಾವಿಯವಳ ಹತ್ರ ದೋಣಿ ಕಲೀಲಿಕ್ಕತ್ತೀರಿ, ಊರಾಗ ಯಾರಿಗೂ ಹೇಳಬ್ಯಾಡ್ರಿ ಮತ್ತ,” ಎಂದು ಕಾಕೂ ಲೋಕಲ್ ರೈಲಿನಲ್ಲಿ ಎಲ್ಲರ ಎದುರೇ ಅವರನ್ನು ಕಾಡುತ್ತಿದ್ದರು.

ಪಾಠವೆಲ್ಲ ದೋಣಿ ಕಟ್ಟುವ ಧಕ್ಕೆಯ ಮೇಲೆಯೇ, ದೋಣಿ ಹತ್ತುವ ಮೊದಲು. ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ಕಣ್ಣು ಮುಚ್ಚಿ, ಕೆನ್ನೆಯಿಂದಲೇ ತಿಳಿದು ಹೇಳಬೇಕು. ಕಡಲಿನಲ್ಲಿ ಭರತವೋ ಇಳಿತವೋ ವಿಚಾರಿಸಿಕೊಳ್ಳಬೇಕು. ಟೋಪಿಗೆ ದಾರ ಕಟ್ಟಬೇಕು. ಜಾಕೆಟ್‌ನ ಪಟ್ಟಿಗಳನ್ನು ಮಾತ್ರ ಅವರೇ ಉಸಿರು ಕಟ್ಟುವಂತೆ ಎಳೆದು ನೋಡುತ್ತಿದ್ದರು. ಆಮೇಲೆ ಹೆಸರುಗಳು. ಹಾಯಿಯ ಕೆಳಗಿನ ಅಡ್ಡ ಕಂಬ ಬೂಮ್. ಹಾಯಿಯನ್ನು ಬಿಗಿ, ಸಡಿಲ ಮಾಡುವ ಹಗ್ಗ ಶೀಟ್. ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ಹಾಯಿಸಿ ಆಚೆ ತಿರುಗಿಸಿದರೆ ಟ್ಯಾಕ್. ಆಗ ಬೂಮ್ ಒಂದು ಬದಿಯಿಂದ ಇನ್ನೊಂದಕ್ಕೆ ಬೀಸಿ ಬರುತ್ತದೆ. ಎಲ್ಲರೂ ತಲೆ ತಗ್ಗಿಸಿ ಬದಿ ಬದಲಿಸಬೇಕು.

ಕೊನೆಗೆ ಪ್ರತಿಸಲವೂ ಒಂದು ಮಾತು. “ದೋಣ್ಯಾಗ ಯಾರಿಗೂ ಮರ್ಯಾದಿ ಕೊಡಬ್ಯಾಡ್ರಿ. ನಾ ಬಂದ್ರೂ ಏಳಬ್ಯಾಡ್ರಿ, ಕುಂತಲ್ಲೇ ಸರೀರಿ.”

ನಾವು ನಗುತ್ತಿದ್ದೆವು.

ಒಂದು ಭಾನುವಾರ ದೋಣಿಯಲ್ಲಿ ನಾವು ಮೂವರೇ. ಬಿಸಿಲು ಹಿತವಾಗಿತ್ತು, ಗಾಳಿ ತುಸು ಜೋರು. ಕಾಕೂ ತಿರುಗಿಸುತ್ತೇನೆ ಎಂದು ಕೂಗಿ, ಚುಕ್ಕಾಣಿ ದೂಡಿ, ಬಗ್ಗಿಕೊಂಡು ನನ್ನ ಗಂಡ ಕೂತಿದ್ದ ಬದಿಗೆ ಬಂದರು. ಹೋಟೆಲಿಗೆ ಹಿರಿಯರು ಯಾರೇ ಬರಲಿ, ಗಲ್ಲಾದಿಂದ ಎದ್ದು ನಿಲ್ಲುವುದು ನನ್ನ ಗಂಡನ ಮನೆಯಲ್ಲಿ ಚಿಕ್ಕಂದಿನಿಂದ ಬಂದ ರೂಢಿ. ಮೈಯೇ ಎದ್ದಿತು ಅನ್ನಬೇಕು. ಅವರು ಎದ್ದು ಕಾಕೂಗೆ ಜಾಗ ಬಿಟ್ಟರು. ಬೂಮ್ ಭುಜಕ್ಕೆ ಬಡಿಯಿತು. ಮರುಕ್ಷಣ ಅವರು ನೀರಿನಲ್ಲಿದ್ದರು.

ದೋಣಿ ನಿಲ್ಲಲಿಲ್ಲ. ಅದೇ ನನಗೆ ಈಗಲೂ ಕಣ್ಣಿಗೆ ಕಟ್ಟುವುದು... ನಾವು ಮುಂದೆ ಹೋಗುತ್ತಿದ್ದೆವು, ಅವರು ಹಿಂದೆ ಸಣ್ಣದಾಗುತ್ತಿದ್ದರು. ಅಲೆ ಎದ್ದಾಗ ತಲೆ ಕಾಣದು, ಇಳಿದಾಗ ಕಂಡಂತಾಗುವುದು. ನಾನು ಕಾಕೂ ಕಡೆ ತಿರುಗಿ ಅಳತೊಡಗಿದೆ.

“ಕೈ ಚಾಚು,” ಎಂದರು ಕಾಕೂ, ತರಗತಿಯ ದನಿಯಲ್ಲಿ. “ಅವನ ತಲಿ ಕಡೆ ಬೆರಳು ಹಿಡಿ. ನನ್ನ ನೋಡಬ್ಯಾಡ. ಅವನ್ನ ನೋಡು.”

ನಾನು ಬೆರಳು ಇಳಿಸಲಿಲ್ಲ. ದೋಣಿ ಸುತ್ತುತ್ತಿತ್ತು, ಬೆರಳೂ ಸುತ್ತುತ್ತಿತ್ತು. ಅದನ್ನು ನೋಡಿಕೊಂಡೇ ಕಾಕೂ ದಾರಿ ಹಿಡಿದರು. ಕೊನೆಗೆ ಮೂತಿಯನ್ನು ಗಾಳಿಗೆ ಒಡ್ಡಿ, ಶೀಟ್ ಸಡಿಲಬಿಟ್ಟು, ನನ್ನ ಗಂಡನ ಪಕ್ಕದಲ್ಲೇ ದೋಣಿ ನಿಲ್ಲಿಸಿದರು. ಇಬ್ಬರೂ ಜಾಕೆಟ್‌ನ ಹೆಗಲಿಗೆ ಕೈಹಾಕಿ ಅವರನ್ನು ಒಳಗೆಳೆದುಕೊಂಡೆವು.

ಧಕ್ಕೆಯಲ್ಲಿ ಚಹಾ ಕುಡಿಯುವಾಗಲೂ ಕಾಕೂ ಜಾಕೆಟ್ ಬಿಚ್ಚುವುದನ್ನೇ ಮರೆತಿದ್ದರು. ಆದರೂ ನನ್ನ ಗಂಡನನ್ನು ಕಾಡದೆ ಬಿಡಲಿಲ್ಲ. “ಇಷ್ಟು ಮರ್ಯಾದಿ ನನ್ನ ಗಂಡನೂ ಕೊಟ್ಟಿರಲಿಲ್ಲಪಾ,” ಎಂದರು. ಮುಂದಿನ ಭಾನುವಾರ ಚುಕ್ಕಾಣಿಯನ್ನು ನನ್ನ ಗಂಡನ ಕೈಗೇ ಕೊಟ್ಟರು.

ಆಮೇಲೆ ಎಷ್ಟೋ ಭಾನುವಾರ ಸಂತೋಷವಾಗಿ ಹೋಗಿಬಂದೆವು. ಆದರೂ ಒಮ್ಮೊಮ್ಮೆ, ಅಡುಗೆ ಮಾಡುತ್ತಿರುವಾಗಲೇ, ಆ ತಲೆ ಅಲೆಯ ಹಿಂದೆ ಮರೆಯಾಗಿಬಿಡುತ್ತಿತ್ತು. ಒಲೆ ಆರಿಸಿ ಮೇಲೆ ಹೋಗುತ್ತಿದ್ದೆ. ಕಾಕೂ ಯಾಕೆಂದು ಕೇಳುತ್ತಿರಲಿಲ್ಲ. ಆ ದಿನದ ಕಥೆಯನ್ನು ಮೊದಲಿನಿಂದ ಇಬ್ಬರೂ ಸೇರಿ ಹೇಳಿಕೊಳ್ಳುತ್ತಿದ್ದೆವು, ಅವರನ್ನು ಮತ್ತೆ ಒಳಗೆಳೆದುಕೊಳ್ಳುವವರೆಗೆ. ಆಮೇಲೆ ನಾನು ಇಳಿದು ಬಂದು ಒಲೆ ಹಚ್ಚುತ್ತಿದ್ದೆ.

ಕಳೆದ ವರ್ಷ ಕಾಕೂ ತೀರಿಕೊಂಡರು. ಮೇಲಿನ ಮನೆಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯ ಜನ. ನನ್ನ ಗಂಡ ಆ ಕಥೆಯನ್ನು ಈಗಲೂ ಗಿರಾಕಿಗಳಿಗೆ ನಗುನಗುತ್ತಾ ಹೇಳುತ್ತಾರೆ: ತಾವು ನೀರಿನ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದರಂತೆ. ನಿಜವೇ ಇರಬೇಕು. ಅವರು ಕಂಡದ್ದು ಆಕಾಶ. ದೂರವಾಗುತ್ತಿದ್ದ ಆ ತಲೆಯನ್ನು ನೋಡಿದವರು ನಾನು, ಕಾಕೂ ಇಬ್ಬರೇ. ಈಗ ನಾನೊಬ್ಬಳೇ.