ಆರನೇ ಪಂದ್ಯದ ಬಿಲ್ಲೆ

ನಮ್ಮ ಬೆಳಿಗ್ಗೆ ಒಂಬತ್ತು ಇಪ್ಪತ್ತೆರಡಕ್ಕೆ ಅಮೆರಿಕದಲ್ಲಿ ಒಂದು ತಂಡ ಬೇಸ್‌ಬಾಲ್ ಪಂದ್ಯ ಗೆದ್ದಿತು. ನನ್ನ ಮಟ್ಟಿಗೆ ಎಲ್ಲ ಕೆಡಲು ಶುರುವಾದದ್ದು ಆಗಲೇ.

ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ನಾನು ಶಿಫ್ಟ್ ಇಂಜಿನಿಯರ್. ತಗಡು ಒತ್ತುವ ಹೊಸ ಪ್ರೆಸ್ ಕೂರಿಸಲು ಬಂದಿದ್ದ ಅಮೆರಿಕದ ಇಂಜಿನಿಯರ್‌ನಿಂದ ನಾನು ಪ್ರೆಸ್ಸಿಗಿಂತ ಹೆಚ್ಚು ಬೇಸ್‌ಬಾಲ್ ಕಲಿತೆ. ಲೀಗ್ ಚಾಂಪಿಯನ್‌ಶಿಪ್ ಸರಣಿಯೆಂದರೆ ಏಳು ಪಂದ್ಯ. ಮೊದಲು ನಾಲ್ಕು ಗೆದ್ದವರು ಫೈನಲ್‌ಗೆ. ಅವನೂರಿನ ತಂಡ ಮೊದಲ ಮೂರನ್ನೂ ಸೋತಿತ್ತು. ಹಾಗೆ ಸೋತವರು ಸರಣಿ ಗೆದ್ದದ್ದು ಆ ಆಟದ ಇತಿಹಾಸದಲ್ಲೇ ಇಲ್ಲ ಎಂದು ಅವನು ವರದಿ ಒಪ್ಪಿಸುವ ಧಾಟಿಯಲ್ಲಿ ಹೇಳಿದ್ದ. ಆಮೇಲೆ ಅದು ಎರಡು ಗೆದ್ದಿತು. ಅವರ ರಾತ್ರಿ ನಮ್ಮ ಮೊದಲ ಶಿಫ್ಟ್. ಆಫೀಸಿನ ಕಂಪ್ಯೂಟರಿನಲ್ಲಿ ಸ್ಕೋರ್ ನೋಡಿ, ಗೋಡೆಯ ಮೊಳೆಗಳಿಗೆ, ಯಾರು ಗೆದ್ದರೂ ಪಂದ್ಯಕ್ಕೊಂದರಂತೆ, ಹಿತ್ತಾಳೆಯ ಬಿಲ್ಲೆ ತೂಗುಹಾಕುತ್ತಿದ್ದೆವು.

ಬಿಲ್ಲೆಗಳ ನಿಜವಾದ ಕೆಲಸ ಬೇರೆ. ಫಿಟ್ಟರ್ ಪ್ರೆಸ್ಸಿನ ಬಾಯೊಳಗೆ ಹೋಗುವ ಮೊದಲು ಮೇನ್ ಸ್ವಿಚ್ ಆರಿಸಿ, ತನ್ನ ನಂಬರಿನ ಬಿಲ್ಲೆಯನ್ನು ಅದರ ಕೊಕ್ಕೆಗೆ ಹಾಕಬೇಕು. ಬಿಲ್ಲೆ ಇದ್ದರೆ ಒಳಗೆ ಮನುಷ್ಯ ಇದ್ದಾನೆ. ಹಾಕಿದವನೇ ಅದನ್ನು ತೆಗೆಯಬೇಕು. ಈ ನಿಯಮವನ್ನು ಎಲ್ಲರಿಗೂ ಕಲಿಸಿದವನು ನಾನು.

ಹೆಚ್ಚುವರಿ ಬಿಲ್ಲೆ ಇದ್ದದ್ದು ಐದು. ಆ ಬೆಳಿಗ್ಗೆ ಅಮೆರಿಕದವನ ತಂಡ ಆರನೇ ಪಂದ್ಯವನ್ನೂ ಗೆದ್ದಾಗ ಆರನೆಯದು ಬೇಕಾಯಿತು. ಕೊಕ್ಕೆಯಲ್ಲಿ ಮೂವತ್ತೊಂದನೇ ನಂಬರಿನದು ತೂಗುತ್ತಿತ್ತು. ಚಹಾದ ಗಾಡಿ ಬಂದಿತ್ತು. ಚಹಾ ಬಂದ ಮೇಲೆ ನಮ್ಮಲ್ಲಿ ಯಾರೂ ಯಂತ್ರದೊಳಗೆ ಉಳಿಯುತ್ತಿರಲಿಲ್ಲ. ಫಿಟ್ಟರ್ ಮರೆತು ಹೋಗಿದ್ದಾನೆ ಎಂದುಕೊಂಡು ತೆಗೆದುಕೊಂಡೆ.

ಆ ಫಿಟ್ಟರ್ ಕಲಬುರಗಿ ಕಡೆಯವನು. ಮನೆಯಲ್ಲಿ ಘಟ ಕೂತ ಮೇಲೆ ದಸರೆಯವರೆಗೆ ಹೊರಗಿನ ಚಹಾ ಮುಟ್ಟುತ್ತಿರಲಿಲ್ಲ. ಆಗ ನವರಾತ್ರಿ. “ಉಪವಾಸ ಅದ ರೀ, ಚಾ ಬ್ಯಾಡ” ಎಂದು ಹಿಂದಿನ ದಿನ ನನಗೇ ಹೇಳಿದ್ದ.

ಬಿಲ್ಲೆಯನ್ನು ಮೊಳೆಗೆ ಹಾಕುತ್ತಿದ್ದಾಗ ಮೋಟಾರಿನ ಸದ್ದು ಕೇಳಿತು. ಚಹಾ ಮುಗಿಸಿ ಬಂದ ಆಪರೇಟರ್, ಕೊಕ್ಕೆ ಖಾಲಿ ಕಂಡು, ಸ್ವಿಚ್ ಹಾಕಿದ್ದ. ಗಾಲಿ ವೇಗ ಹಿಡಿಯಲು ಅರ್ಧ ನಿಮಿಷ ಬೇಕು. ಆಮೇಲೆ ಎರಡು ಕೈಯಲ್ಲಿ ಎರಡು ಗುಂಡಿ ಒತ್ತಿದರೆ ಪ್ರೆಸ್ ಕೆಳಗಿಳಿಯುತ್ತದೆ. ಪ್ರೆಸ್ಸಿನ ಹಿಂಬದಿಯಲ್ಲಿ ಎರಡು ಬೂಟು ಕಂಡವು. ಅವು ಹೊರಕ್ಕೆ ತೆವಳಲು ನೋಡುತ್ತಿದ್ದವು.

ಓಡಿದೆ. ಎಲ್ಲವನ್ನೂ ನಿಲ್ಲಿಸುವ ಕೆಂಪು ಗುಂಡಿ ಕೊಕ್ಕೆಯಿಂದ ಒಂದು ಗೇಣು ದೂರದಲ್ಲಿತ್ತು. ಅದನ್ನು ಒತ್ತಲಿಲ್ಲ. ಕೂಗಲಿಲ್ಲ. ಬಿಲ್ಲೆಯನ್ನು ಕೊಕ್ಕೆಗೆ ಹಾಕಿದೆ. ಆಪರೇಟರ್‌ನ ಒಂದು ಕೈ ಆಗಲೇ ಪ್ರೆಸ್ ಇಳಿಸುವ ಗುಂಡಿಯ ಮೇಲಿತ್ತು. ಬಿಲ್ಲೆ ಕಂಡದ್ದೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಹಾಗೆ ಕಲಿಸಿದವನೂ ನಾನೇ.

ಮೋಟಾರ್ ನಿಂತು, ಫಿಟ್ಟರ್ ತೆವಳಿ ಹೊರಬಂದ ಮೇಲೆ ಆಪರೇಟರ್ ಮರಾಠಿಯಲ್ಲಿ ಕೇಳಿದ, “ಸಾಹೇಬ, ಹೇ ಆಧೀಪಾಸೂನ್ ಹೋತಂ ಕಾ?” ಈ ಬಿಲ್ಲೆ ಮೊದಲಿನಿಂದ ಇತ್ತೇ ಎಂದು. ನಾನು ಹೌದೆಂದೆ.

ಮರುದಿನ ಏಳನೆಯ ಪಂದ್ಯವನ್ನೂ ಆ ತಂಡ ಗೆದ್ದಿತು. ಇತಿಹಾಸವಾಯಿತು. ಅಮೆರಿಕದವನು ತನ್ನ ಎಂದಿನ ಧಾಟಿಯಲ್ಲಿ, ಸಾವಿನ ಸುದ್ದಿ ತಿಳಿಸುವಂತೆ, ಬಂದು ಕೂತು ತಿಳಿಸಿದ. ಬಿಲ್ಲೆ ಹಾಕಲು ಇಬ್ಬರೂ ಏಳಲಿಲ್ಲ. ಮುಂದಿನ ವಾರ ಆಪರೇಟರ್ ಕಣ್ಣು ಪರೀಕ್ಷೆ ಮಾಡಿಸಿ, ಕನ್ನಡಕ ಹಾಕಿಕೊಂಡು ಬಂದ. ನಾನು ನಿದ್ದೆ ಬಾರದೆ, ಮಲಗುವ ಕೋಣೆಯ ಗೋಡೆಯ ಮೇಲೆ, ಕತ್ತಲಲ್ಲಿ, ಇಲ್ಲದ ಕೆಂಪು ಗುಂಡಿ ಒತ್ತುತ್ತಲೇ ಇದ್ದೆ. ಈಗಲೂ ಒಮ್ಮೊಮ್ಮೆ ಒತ್ತುತ್ತೇನೆ.

ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಆಪರೇಟರ್, ಫಿಟ್ಟರ್ ಇಬ್ಬರನ್ನೂ ಕರೆದು ನಡೆದದ್ದನ್ನು ಹೇಳಿದೆ.

ಆಪರೇಟರ್ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಇದನ್ನು ಹಾಕಿಕೊಂಡಾಗಿನಿಂದ ತಲೆ ನೋಯುತ್ತಿತ್ತು ಎಂದಷ್ಟೇ ಹೇಳಿದ.

ಫಿಟ್ಟರ್ ಹೇಳಿದ, “ನಂಗ ಗೊತ್ತಿತ್ರಿ. ನಾ ನಂಬರ್ ಹೊರಗ ಮಾಡಿ ಹಾಕ್ತೀನಿ. ಅವತ್ತ ಗ್ವಾಡಿ ಕಡೆ ಇತ್ತು.”

“ಮತ್ತ ಯಾಕ ಕೇಳಲಿಲ್ಲ?”

“ನೀವೇ ಹೇಳ್ತೀರೇನೊ ನೋಡೋಣಂತ. ಭಾಳ ದಿನಾ ಹಿಡೀತು.” ಸ್ಪ್ಯಾನರ್ ಎತ್ತಿಕೊಂಡ. “ಇವತ್ತ ಒಳಗ ಹೋಗೋದದ. ಕೊಕ್ಕಿ ಹತ್ರ ನಿಂದರ್ರಿ. ಮ್ಯಾಚ್ ಇಲ್ಲಲ್ಲ?”

ಇಲ್ಲ ಎಂದೆ. ನಲವತ್ತು ನಿಮಿಷ ನಿಂತೆ. ಚಹಾದ ಗಾಡಿ ಬಂತು, ಹೋಯಿತು. ಅವನು ಹೊರಗೆ ಬಂದು ತನ್ನ ಬಿಲ್ಲೆಯನ್ನು ತಾನೇ ತೆಗೆದು, ನಂಬರನ್ನು ನನಗೆ ತೋರಿಸಿ, ಜೇಬಿಗೆ ಹಾಕಿಕೊಂಡ. ಆಮೇಲೆ ಗಾಡಿಯವನು ಇಟ್ಟುಹೋಗಿದ್ದ ಆರಿದ ಚಹಾ ಇಬ್ಬರೂ ಕುಡಿದೆವು.

ಅಂದು ಮಲಗಿದವನಿಗೆ ಎಚ್ಚರವಾದದ್ದು ಬೆಳಿಗ್ಗೆ, ಕಂಪನಿ ಬಸ್ಸಿನ ಹಾರ್ನ್ ಕೇಳಿ. ಬಸ್ ತಪ್ಪಿತು.