ಅಡಿಗೆಯವರ ಸೀಟು

ನನ್ನ ಸೋದರತ್ತೆಯ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈಯವರೆಗೆ ಒಂದು ಕೂದಲೂ ಇರಲಿಲ್ಲ. ಎಡಗೈ ಎಲ್ಲರ ಕೈಯಂತೆ ಇತ್ತು. ದಿನಾ ಒಲೆಯ ಉರಿಯ ಮೇಲೆ ಚಾಚುತ್ತಿದ್ದ ಕೈ ಅದು. ಝಳ ಬಡಿದು ಬಡಿದು ಅಲ್ಲಿಯ ಚರ್ಮ ಬೆಳಗಿಟ್ಟ ತಂಬಿಗೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಚಿಕ್ಕವಳಿದ್ದಾಗ ಅದನ್ನು ಸವರುತ್ತ ಮಲಗುವುದೆಂದರೆ ನನಗೆ ಬಹಳ ಇಷ್ಟ. ದೊಡ್ಡವಳಾದ ಮೇಲೆ ಅದನ್ನು ನೋಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ನೆನೆಸಿದರೆ ಈಗಲೂ ಬರುತ್ತದೆ.

ಆಕೆ ಅಪ್ಪನ ಅಕ್ಕ. ಗಲಗಲಿಗೆ ಮದುವೆಯಾಗಿ ಹೋಗಿ, ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು, ಜಮಖಂಡಿಯ ತವರುಮನೆಗೆ ತಿರುಗಿ ಬಂದವಳು. ಬಂದ ದಿನವೇ ಅಡಿಗೆಮನೆ ಹೊಕ್ಕಳಂತೆ. ಹೊರಗೆ ಬಾ ಎಂದು ಯಾರೂ ಕರೆಯಲಿಲ್ಲ. ಯಾಕೆ ಕರೆದಾರು? ಮಡಿಯಲ್ಲಿ ಅಷ್ಟು ರುಚಿಯಾಗಿ ಮಾಡಿ ಹಾಕುವವರು ಪುಕ್ಕಟೆ ಸಿಕ್ಕಿರುವಾಗ. ಓಣಿಯಲ್ಲಿ ಮುಂಜಿಯಿರಲಿ, ಬಾಣಂತನವಿರಲಿ, ತಿಥಿಯಿರಲಿ, ಎರವಲು ಪಾತ್ರೆ ಒಯ್ದಂತೆ ಆಕೆಯನ್ನು ಒಯ್ಯುತ್ತಿದ್ದರು. ಅಕ್ಷತೆ ಹಾಕುವಾಗ ಮಾತ್ರ ಆಕೆ ಎದುರಿಗೆ ಬರಬಾರದು. ಬೆವರು ಸುರಿಸಿ ಮಾಡಿದ ಹೋಳಿಗೆ ಶುಭ, ಮಾಡಿದವಳು ಅಶುಭ. ನಾಚಿಕೆಗೆಟ್ಟ ಲೆಕ್ಕ ಇದು.

ಊರು ನೋಡುವ ಹುಚ್ಚು ಆಕೆಗೆ ಎಲ್ಲಿಂದ ಬಂತೋ ತಿಳಿಯದು. ಯಾರು ಎಲ್ಲಿಗೆ ಹೋಗಿ ಬಂದರೂ ಬಿಡುತ್ತಿರಲಿಲ್ಲ. ಲೋಕಾಪುರದಿಂದ ಬಸ್ಸಿಳಿದು ಬಂದ ನೆಂಟರಿಗೂ ನೀರು ಕೊಡುತ್ತ, “ದಾರ್‍ಯಾಗ ಏನೇನು ಕಂಡತು?” ಎಂದು ಕೇಳುತ್ತಿದ್ದಳು. ಲೋಕಾಪುರದ ದಾರಿಯಲ್ಲಿ ಏನು ಕಂಡೀತು? ಜೋಳದ ಹೊಲ, ಎಮ್ಮೆ. ಅದನ್ನೂ ಹೇಳಿಸಿ ಕೇಳುತ್ತಿದ್ದಳು. ಆಕೆಗೆ ಗೊತ್ತಿದ್ದ ಮುಧೋಳವೆಂದರೆ ಒಂದು ಬಾಣಂತನ, ಬನಹಟ್ಟಿಯೆಂದರೆ ಒಂದು ಮುಂಜಿ, ಬೀಳಗಿಯೆಂದರೆ ಒಂದು ತಿಥಿ. ಮೂರೂ ಊರುಗಳಲ್ಲಿ ಆಕೆ ಕಂಡದ್ದು ಬೇರೆಯವರ ಒಲೆ.

ನಾನು ಮುಧೋಳದ ಶಾಲೆಯಲ್ಲಿ ಶಿಕ್ಷಕಿಯಾಗಿ ಸೇರಿದ ಹೊಸದು, ಎಂಬತ್ತರ ದಶಕ. ಒಂದು ಸಂಜೆ ನಮ್ಮ ಓಣಿಯ ವಕೀಲರು ಬಂದು ತೂಗುಮಂಚದ ಮೇಲೆ ಕುಳಿತರು. ಜಮಖಂಡಿ, ರಬಕವಿ ಕಡೆಯ ಉಳ್ಳವರ ನಾಲ್ಕಾರು ಮನೆಯವರು ಸೇರಿಕೊಂಡು ಸಿಂಗಾಪುರಕ್ಕೆ ಹೊರಟಿದ್ದರು. ಚಿಕ್ಕ ಗುಂಪು, ಜೊತೆಗೆ ಮರಾಠಿ ಬಲ್ಲ ಪುಣೆಯ ಒಬ್ಬ ಗೈಡು. ಎಲ್ಲಿ ಇಳಿಯಬೇಕು, ಏನು ನೋಡಬೇಕು, ಎಲ್ಲ ಅವನದೇ ವ್ಯವಸ್ಥೆ.

“ನಿಮ್ಮ ಅಕ್ಕಾರನ್ನೂ ಕರಕೊಂಡು ಹೋಗಬೇಕಂತ ಮಾಡೇವಿ,” ಎಂದರು ವಕೀಲರು ಅಪ್ಪನಿಗೆ. “ಖರ್ಚಿನ ಚಿಂತಿ ಬ್ಯಾಡ್ರಿ, ಎಲ್ಲಾ ನಮ್ಮದs. ಜಲ್ಮದಾಗ ಒಮ್ಮೆ ನೋಡಲಿ, ಪಾಪ.”

ಬಾಗಿಲ ಮರೆಯಲ್ಲಿದ್ದ ಅತ್ತೆ ಹೊರಗೆ ಬಂದಳು. “ಖರೇನ ಅಂತೀರಿ?” ಎಂದು ಕೇಳಿದಳು. ಆ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಮರುದಿನವೇ ಹೊಸ ಚಪ್ಪಲಿ ತರಿಸಿಕೊಂಡು ಹಿತ್ತಲಲ್ಲಿ ನಡೆದು ರೂಢಿ ಮಾಡಿಕೊಳ್ಳತೊಡಗಿದಳು. ಪಾಸ್‌ಪೋರ್ಟಿನ ಫೋಟೋ ತೆಗೆಸಲು ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಪ್ರಶ್ನೆ: ಅಲ್ಲಿ ಮಳೆ ಯಾವಾಗ, ಗಿಡ ಎಂಥವು, ಸಮುದ್ರದ ದಂಡೆಗೆ ಹೋಗಲು ಬಿಡುತ್ತಾರೋ ಇಲ್ಲವೋ. ತನ್ನನ್ನೂ ಒಬ್ಬರು ಕರೆದರಲ್ಲ ಎಂಬ ಹಿಗ್ಗಿನಲ್ಲಿ ಆಕೆಗೆ ಹತ್ತು ವರ್ಷ ಕಡಿಮೆಯಾಗಿತ್ತು.

ಪಾಸ್‌ಪೋರ್ಟು ಕೈಗೆ ಬಂದ ಮೇಲೆ ಒಂದು ಮಧ್ಯಾಹ್ನ ವಕೀಲರ ಹೆಂಡತಿ ಬಂದರು. ನಾನು ಅಲ್ಲೇ ಇದ್ದೆ.

“ಅಕ್ಕಾರ, ಸಾರಿನ ಪುಡಿ, ಮೆಂತೇದ ಹಿಟ್ಟು ಈಗs ಮಾಡಿ ಇಟ್ಟುಬಿಡ್ರಿ. ಎರಡೂ ಹೊತ್ತು ಎಲ್ಲಾರಿಗೂ ಆಗಬೇಕು ನೋಡ್ರಿ. ನಮ್ಮ ಹಿರ್‍ಯಾರಂತೂ ಮಡೀಲೆ ಮಾಡಿದ್ದಿಲ್ಲಂದ್ರ ಮುಟ್ಟಂಗಿಲ್ಲ. ಒಲಿ ಇರೂ ಖೋಲಿನs ಹಿಡಿಸೇವಿ.”

ಅತ್ತೆ ಚಹಾದ ಕಪ್ಪನ್ನು ಅವರ ಮುಂದಿಟ್ಟಳು. “ಮತ್ತ ಊರು ನೋಡೂದು ಯಾವಾಗ್ರಿ?” ಎಂದಳು.

“ಊಟ ಆಗಿ, ಭಾಂಡಿ ತೊಳದ ಮ್ಯಾಲೆ ವ್ಯಾಳ್ಯಾ ಉಳದರ ನೋಡಬಹುದಲ್ಲ. ಕಿಟಕಿಯಿಂದನೂ ಭಾಳ ಛಲೋ ಕಾಣಸ್ತದಂತ.”

ಕಿಟಕಿಯಿಂದ. ನನ್ನ ಮೈಯೆಲ್ಲ ಉರಿದುಹೋಯಿತು. ವಕೀಲರ ಹೆಂಡತಿಯಾದರೋ ಚಹಾ ಕುಡಿದು, ಕಪ್ಪು ಅಲ್ಲೇ ಬಿಟ್ಟು, ನಗುತ್ತ ಹೋದರು. ತಾವು ಏನು ಅಂದೆವು ಎಂಬುದೂ ಅವರಿಗೆ ಗೊತ್ತಾಗಲಿಲ್ಲ. ಅಡಿಗೆ ಮಾಡಲಿಕ್ಕಲ್ಲದೆ ಮತ್ತೆ ಯಾತಕ್ಕೆ ಈಕೆಯನ್ನು ಕರೆದಾರು ಎಂದು ಇಡೀ ಗುಂಪು ನಂಬಿಕೊಂಡಿತ್ತು. ಈಕೆಗೂ ಅದು ತಿಳಿದೇ ಇದೆ ಎಂದುಕೊಂಡಿತ್ತು.

ಅಪ್ಪನ ಮುಂದೆ ಜಗಳ ತೆಗೆದೆ. “ಮೋಸ ಮಾಡಿ ಕರದಾರ ಅಪ್ಪಾ. ಜೀತಕ್ಕ ಒಯ್ಯಾಕತ್ತಾರ.”

“ಇದರಾಗ ಮೋಸ ಏನು ಬಂತು? ಇಲ್ಲೂ ಅಡಿಗಿ ಮಾಡತಾಳ, ಅಲ್ಲೂ ಮಾಡತಾಳ. ಪುಕ್ಕಟ ವಿಮಾನಾ ಹತ್ತಿಸ್ತಾರ,” ಎಂದ ಅಪ್ಪ. ನನ್ನ ಸ್ವಂತ ಅಪ್ಪ. ಓದಿದವನು, ಕಚೇರಿಯಲ್ಲಿ ನಾಲ್ಕು ಮಂದಿಗೆ ನ್ಯಾಯ ಹೇಳುವವನು.

ಹೋಗಬೇಡ ಎಂದು ನಾನು ಅತ್ತೆಗೆ ಹೇಳಿದೆ. ಆಕೆ ಕೆಲವು ದಿನ ಹಿತ್ತಲಲ್ಲಿ ನಡೆಯುವುದನ್ನು ಬಿಟ್ಟಿದ್ದಳು. ಹೋದರೆ ಒಲೆ, ಹೋಗದಿದ್ದರೆ ಇನ್ನು ಯಾರೂ ಕರೆಯುವುದಿಲ್ಲ. ಎರಡೂ ಆಕೆಗೆ ಚೆನ್ನಾಗಿ ಗೊತ್ತಿತ್ತು. ಕಡೆಗೆ ಒಂದು ದಿನ ಅಪ್ಪನ ಎಲೆಗೆ ಅನ್ನ ಬಡಿಸುತ್ತ ಹೇಳಿದಳು:

“ತಮ್ಮಾ, ಗಲಗಲಿ ಹೊಲದ ರೊಕ್ಕಾ ನನ್ನ ಹೆಸರಿಲೆ ಬ್ಯಾಂಕಿನಾಗ ಅದ ಅಲ್ಲ, ಅದನ್ನ ತಗಸು. ನನ್ನ ಖರ್ಚು ನಾನs ಕೊಡತೀನಿ.”

“ಅದು ನಿನ್ನ ಮುಪ್ಪಿಗೆ ಇಟ್ಟದ್ದು.”

“ಮುಪ್ಪು ಬಂದದ,” ಎಂದಳು ಅತ್ತೆ, ತುಪ್ಪ ಹಾಕುತ್ತ.

ವಕೀಲರ ಮನೆಗೂ ತಾನೇ ಹೋದಳು. ನಾನು ಹಿಂದೆ ಹೋದೆ. ತನ್ನ ಪಾಲು ತಾನು ಕೊಡುವುದಾಗಿ, ಸೌಟು ಮಾತ್ರ ಮುಟ್ಟುವುದಿಲ್ಲವೆಂದು ಮೆಲ್ಲನೆ ತಿಳಿಸಿದಳು. ವಕೀಲರ ಮುಖ ಸಣ್ಣದಾಯಿತು.

“ಅದು ಅಡಿಗಿಯವರ ಸೀಟ್ ಇತ್ರಿ ಅಕ್ಕಾರ. ಮತ್ತ ಅಡಿಗಿ ಯಾರು ಮಾಡಬೇಕು?”

“ಇಷ್ಟ ಮಂದಿ ಹೆಣ್ಣುಮಕ್ಕಳು ಇದ್ದೀರಿ. ಪಾಳಿ ಹಚ್ಚಕೋರಿ. ಗಂಡಸರನ್ನೂ ಸೇರಿಸಕೋರಿ, ಬ್ಯಾಡ ಅನ್ನಂಗಿಲ್ಲ.”

ಅಲ್ಲಿಂದ ಶುರುವಾಯಿತು ಓಣಿಯ ಮಾತು. ಈ ವಯಸ್ಸಿಗೆ ಈಕೆಗೆ ಸೊಕ್ಕು ಬಂತು, ಕಾಶಿಗೆ ಹೋಗುವ ಬದಲು ಸಿಂಗಾಪುರವಂತೆ, ಅದೂ ಗಂಡನಿಲ್ಲದವಳು. ಈಕೆಯ ಕೈಯಡಿಗೆ ಉಂಡು ಬೆಳೆದ ಬಾಯಿಗಳೇ ಹೀಗೆ ಅಂದವು. ಬೇರೆಯವರಿಗೆ ಅಡಿಗೆ ಮಾಡಲು ಸಮುದ್ರ ದಾಟಿದರೆ ಧರ್ಮ ಕೆಡುವುದಿಲ್ಲ, ತನಗಾಗಿ ದಾಟಿದರೆ ಕೆಡುತ್ತದೆ. ಯಾವ ಶಾಸ್ತ್ರದಲ್ಲಿದೆ ಎಂದು ಒಬ್ಬ ಆಚಾರ್ಯರನ್ನು ನಾನು ಕೇಳಿಯೂ ಬಿಟ್ಟೆ. ಅವರು ಕೆಮ್ಮಿದರು.

ಗುಂಪಿನವರು ಆಕೆಯನ್ನು ಬಿಟ್ಟು ಹೋಗಲಿಕ್ಕೂ ನೋಡಿದರು. ಆದರೆ ಒಬ್ಬರು ಕಡಿಮೆಯಾದರೆ ಉಳಿದವರ ಮೇಲೆ ಖರ್ಚು ಬೀಳುತ್ತದೆಂದು ಪುಣೆಯ ಗೈಡು ಹೇಳಿದ ಮೇಲೆ ಎಲ್ಲರೂ ತಣ್ಣಗಾದರು. ಅತ್ತೆ ಹೋದಳು.

ಅಲ್ಲಿ ನಡೆದದ್ದನ್ನು ಆಕೆಯೇ ನನಗೆ ಹೇಳಿದ್ದು. ಮೊದಲನೆಯ ಬೆಳಿಗ್ಗೆ ಅಕ್ಕಿ, ಬೇಳೆ, ಪಾತ್ರೆ ಎಲ್ಲ ತಂದು ಆಕೆಯ ಕೋಣೆಯ ಒಲೆಯ ಮುಂದೆಯೇ ಇಟ್ಟರಂತೆ. ವಕೀಲರ ತಾಯಿ ಹಸಿವೆಯೆಂದು ಹೊಟ್ಟೆ ಹಿಡಿದು ಕುಳಿತರಂತೆ. ಊರಲ್ಲಿ ಆಡಿದ್ದು ಊರಲ್ಲೇ ಉಳಿಯಿತು, ಇಲ್ಲಿಗೆ ಬಂದ ಮೇಲೆ ಕರಗಿಯಾಳು ಎಂದುಕೊಂಡಿದ್ದರು.

“ಎಲ್ಲಾರೂ ನನ್ನ ಮಾರಿ ನೋಡಿದರು,” ಎಂದಳು ಅತ್ತೆ. “ಮುದುಕಿ ಸಂಕಟ ನೋಡಿ ನನಗೂ ಕರಳು ಚುರ್ ಅಂತು, ಸುಳ್ಳು ಯಾಕ ಹೇಳಲಿ. ಆದರ ಒಮ್ಮೆ ಸೌಟು ಹಿಡದೆನೋ, ಬರೂತನಕಾ ಕೆಳಗ ಇಡಲಿಕ್ಕೆ ಬಿಡಂಗಿಲ್ಲ ಇವರು. ಆಕೀಗೆ ಎರಡು ಬಾಳೆಹಣ್ಣು ಕೊಟ್ಟೆ. ಚಪ್ಪಲಿ ಮೆಟ್ಟಿ ಬಸ್ಸಿನಾಗ ಹೋಗಿ ಕುಂತೆ.”

ಅಂದು ಖಿಚಡಿ ಮಾಡಿದವರು ವಕೀಲರ ಹೆಂಡತಿ. ಮಡಿಯಲ್ಲೇ ಮಾಡಿದರಂತೆ, ಅವರಿಗೂ ಬರುತ್ತಿತ್ತು ಎಂದಾಯಿತು.

ಸಮುದ್ರದ ಬಗ್ಗೆ ಕೇಳಿದೆ. “ಹಿಪ್ಪರಗಿ ಕಡೆ ಹೊಳಿ ತುಂಬಿದ್ದು ನೋಡೇನಿ. ಆದರ ಅದಕ್ಕ ಆಚಿ ದಂಡಿ ಇತ್ತು,” ಎಂದಳು.

ಊರಿಗೆ ತಿರುಗಿ ಬಂದ ಮರುದಿನ ಆಕೆ ಮತ್ತೆ ನಮ್ಮ ಅಡಿಗೆಮನೆ ಹೊಕ್ಕಾಗ ನಾನು ರೇಗಿದೆ. ಆಕೆ ನಕ್ಕಳು. “ಏ ಹುಚ್ಚಿ, ನನಗೇನು ಅಡಿಗಿ ಮ್ಯಾಲೆ ಸಿಟ್ಟಿಲ್ಲ. ಅಡಿಗಿಗೆ ಬಾ ಅಂತ ಖರೆ ಹೇಳಿ ಕರದಿದ್ದರ ಹೂಂ ಅಂತಿದ್ದೆನೋ ಏನೋ. ಊರು ನೋಡಲಿಕ್ಕೆ ಬಾ ಅಂದರು. ನೋಡೇ ಬಂದೆ.” ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಆದರೆ ಆಕೆಯಿಂದ ನೆಟ್ಟಗೆ ನಿಲ್ಲುವುದನ್ನು ಕಲಿತೆ. ಶಾಲೆಯಲ್ಲಿ ಸಭೆಗಳಿಗೆ ಚಹಾ ಮಾಡುವ ಕೆಲಸವನ್ನು ಶಿಕ್ಷಕಿಯರ ಕೊರಳಿಗೆ ಕಟ್ಟಲು ಬಂದವರು ನನ್ನ ಹತ್ತಿರ ಎರಡನೆಯ ಸಲ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಅತ್ತೆ ತೀರಿಕೊಂಡಳು. ವೈಕುಂಠ ಸಮಾರಾಧನೆಯ ದಿನ ಓಣಿಯೆಲ್ಲ ಪಂಕ್ತಿಯಲ್ಲಿ ಕುಳಿತಿತ್ತು. ನಾನು ಮಜ್ಜಿಗೆ ಬಡಿಸಲು ನಿಂತಿದ್ದೆ. ಒಬ್ಬರು ಆಕೆಯ ಹುಳಿಯನ್ನು ಹೊಗಳಿದರು, ಇನ್ನೊಬ್ಬರು ಚಟ್ನಿಪುಡಿಯನ್ನು. “ಅಕ್ಕಾರ ಕೈಯಾಗಿನ ಹೋಳಗಿ ಇನ್ನ ಎಲ್ಲಿ ಸಿಗಬೇಕು,” ಎಂದರು ವಕೀಲರು. ಅಪ್ಪ ಕಣ್ಣೊರೆಸಿಕೊಂಡು, “ಅಡಿಗಿ ಅಂದ್ರ ಆಕೀದs,” ಎಂದ. ಇಡೀ ಜನ್ಮಕ್ಕೆ ಅಷ್ಟೇ.

ನಾನು ಪಾತ್ರೆಯನ್ನು ಕೆಳಗಿಟ್ಟೆ.

“ಆಕಿ ಸಿಂಗಾಪುರ ನೋಡಿ ಬಂದಾಕಿ,” ಎಂದೆ. “ನಿಮ್ಮ ಜೋಡಿನs ಹೋಗಿದ್ದಳಲ್ರಿ ವಕೀಲರ. ಆಕಿ ಏನೇನು ನೋಡಿದಳು, ಅದನ್ನ ಹೇಳ್ರಿ.”

ವಕೀಲರು ಎಲೆ ನೋಡುತ್ತ ಕುಳಿತರು. ಅವರು ಬಾಯಿ ಬಿಡುವವರೆಗೆ ನಾನು ಪಂಕ್ತಿಗೆ ಮಜ್ಜಿಗೆ ಬಡಿಸಲಿಲ್ಲ.