ಅಗೆಯುವ ಮೊದಲು ನಡೆಸಿ ನೋಡುವ ಅಡವಿಯಪ್ಪ

ಈಗ ನಿಲ್ಲಿಸಿ ಅಂದರೆ, ಅಳತೆ ಕೊಟ್ಟವರು ಯಾರು ಎಂದು ಕೇಳುತ್ತಾರೆ. ಸುಮ್ಮನಿದ್ದರೆ ಗೋಡೆ ಎದ್ದುಬಿಡುತ್ತದೆ. ನಿವೃತ್ತಿಗೆ ಇನ್ನು ಐದೇ ತಿಂಗಳು. ಒಂದು ನೋಟಿಸ್ ಬಂದರೂ ಪಿಂಚಣಿ ಕಾಗದ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಆದರೂ, ಈ ತಿರುವಿನಲ್ಲಿ ಸ್ಟ್ರೆಚರ್ ತಿರುಗೀತೇ?

ಬೆಳಗಿನ ಆರೂಮುಕ್ಕಾಲು. ಗುಬ್ಬಿಯಿಂದಾಚೆ ಹಳ್ಳಿಯೊಂದರಲ್ಲಿ, ಸರ್ಕಾರಿ ಹೆರಿಗೆ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಸುಣ್ಣದ ಪುಡಿಯಲ್ಲಿ ಗುರುತು ಹಾಕಿದ ನೆಲದ ಮೇಲೆ ಅಡವಿಯಪ್ಪ ನಿಂತಿದ್ದಾರೆ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಟೇಪು. ಅವರು ಇಲಾಖೆಯ ವರ್ಕ್ ಇನ್ಸ್‌ಪೆಕ್ಟರ್. ಕಟ್ಟುವವರು ಕಂಟ್ರಾಕ್ಟರು, ಕಟ್ಟಿಸುವ ಸರ್ಕಾರದ ಪರವಾಗಿ ದಿನವಿಡೀ ಬಿಸಿಲಲ್ಲಿ ನಿಂತು ನೋಡುವವರು ಇವರು.

ತುಮಕೂರಿನ ಶೆಟ್ಟಿಹಳ್ಳಿಯ ಮನೆಯಿಂದ ಐದೂವರೆಗೆ ಹೊರಡುತ್ತಾರೆ. ಮೂವತ್ತೊಂದು ವರ್ಷದಲ್ಲಿ ನಲವತ್ತಾರು ಕಟ್ಟಡ. ಒಂದರ ಉದ್ಘಾಟನೆಯ ಕಲ್ಲಿನ ಮೇಲೂ ಅವರ ಹೆಸರಿಲ್ಲ. ಅದರ ಮಾತೆತ್ತಿದರೆ, "ಕಲ್ಲಲ್ಲಿ ಜಾಗ ಎಲ್ಲೈತೆ ಬುಡಿ," ಎನ್ನುತ್ತಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕುಣಿಗಲ್ ಕಡೆಯ ಒಂದು ಶಾಲೆಗೆ ಅಡುಗೆಮನೆ ಕಟ್ಟಿ ಮುಗಿಸಿದ ಮೇಲೆ ಸಾರಿನ ದೊಡ್ಡ ಪಾತ್ರೆ ಬಾಗಿಲಲ್ಲಿ ಹಿಡಿಸಲಿಲ್ಲ. ಅಡುಗೆಯ ಪುಟ್ಟತಾಯಮ್ಮ, "ಮೊದ್ಲೇ ಒಂದ್ ಮಾತು ನನ್ನ ಕೇಳಿದ್ರೆ ನಿಮ್ ಗಂಟೇನ್ ಹೋಗ್ತಿತ್ತು ಸ್ವಾಮಿ?" ಎಂದರಂತೆ. ಅಂದಿನಿಂದ ಪಾಯ ಅಗೆಯುವ ಮೊದಲು, ಅಲ್ಲಿ ಕೆಲಸ ಮಾಡುವವರನ್ನೇ ಕರೆಸಿ ಗೆರೆಗಳ ನಡುವೆ ನಡೆಸಿ ನೋಡುವುದು ಅಡವಿಯಪ್ಪನವರ ಪದ್ಧತಿ. ನಿಯಮದ ಪುಸ್ತಕದಲ್ಲಿ ಅದಿಲ್ಲ.

"ಜೆಸಿಬಿ ಬಂದ್ ನಿಂತದೆ ಸಾರ್. ಇನ್ನೂ ಎಷ್ಟೊತ್ತು?" ಕಂಟ್ರಾಕ್ಟರ್ ಕಡೆಯ ಮೇಲ್ವಿಚಾರಕ ಮೋಹನ್‌ಕುಮಾರ್ ಸಿಡುಕುತ್ತಾರೆ.

"ಆತುರ ಇದ್ರೆ ನೀವೇ ಮಲ್ಕಳಿ ಇದ್ರ ಮೇಲೆ," ಎಂದು ಅಡವಿಯಪ್ಪ ಹಳೆಯ ಆಸ್ಪತ್ರೆಯ ಸ್ಟ್ರೆಚರ್ ತೋರಿಸುತ್ತಾರೆ.

ಬೇರೆ ದಾರಿಯಿಲ್ಲದೆ ಮೋಹನ್‌ಕುಮಾರ್ ಮಲಗುತ್ತಾರೆ. ನರ್ಸ್ ದಾಕ್ಷಾಯಣಿ ತಳ್ಳುತ್ತಾರೆ. ಆಯಾ ದೊಡ್ಡಗಂಗಮ್ಮ ಡ್ರಿಪ್ ಬಾಟಲಿ ಎತ್ತಿ ಹಿಡಿದು ಪಕ್ಕದಲ್ಲೇ ನಡೆಯುತ್ತಾರೆ.

"ನೋವು ಜಾಸ್ತಿ ಆಯ್ತೇನವ್ವಾ? ತಡ್ಕೊ, ಮೊದಲ್ನೇ ಹೆರಿಗೆ ಹಂಗೇಯ," ಎಂದು ಅವರು ಮಲಗಿದವರನ್ನು ಛೇಡಿಸುತ್ತಾರೆ.

ಎಲ್ಲರೂ ನಗುತ್ತಾರೆ. ತಿರುವು ಬಂದಾಗ ನಗು ನಿಲ್ಲುತ್ತದೆ. ಸ್ಟ್ರೆಚರೇನೋ ಗೆರೆಯೊಳಗೇ ತಿರುಗಿತು. ದೊಡ್ಡಗಂಗಮ್ಮ ಮಾತ್ರ ಗೆರೆಯಾಚೆ ನಿಂತಿದ್ದಾರೆ.

"ಅಯ್ಯೋ ಶಿವನೇ, ನಾನು ಗೋಡೆ ಒಳಗಿದೀನಲ್ಲಾ!"

ಅಡವಿಯಪ್ಪ ಗೆರೆಯಿಂದ ಅವರ ಕಾಲಿನವರೆಗೆ ಟೇಪು ಹಿಡಿದು ನೋಡುತ್ತಾರೆ. ಆಮೇಲೆ ಜೆಸಿಬಿಯವನಿಗೆ ಕೈ ಅಡ್ಡ ಹಿಡಿದು, ಎಂಜಿನಿಯರ್ ನಂದಿತಾ ಅವರಿಗೆ ಫೋನ್ ಮಾಡುತ್ತಾರೆ.

ಒಂಬತ್ತಕ್ಕೆ ಬಂದ ನಂದಿತಾ ನಕ್ಷೆ ಬಿಡಿಸಿ ನೋಡುತ್ತಾರೆ. "ಆಸ್ಪತ್ರೆ ಬೇಡಿಕೆ ಪತ್ರದಲ್ಲಿ ಕಾರಿಡಾರ್ ಅಗಲ ಐದಡಿ ಸಾಕು ಅಂತ ಇದೆ. ಬರೀ ಸ್ಟ್ರೆಚರ್ ಅಳೆದು, ಪಕ್ಕದಲ್ಲಿ ನಡೆಯೋರನ್ನ ಬಿಟ್ಟಿದ್ದಾರೆ. ಯಾರು ಕೊಟ್ಟಿದ್ದು ಈ ಅಳತೆ?"

ದಾಕ್ಷಾಯಣಿ ಸ್ಟ್ರೆಚರಿನ ಕಂಬಿ ಹಿಡಿದೇ ನಿಂತಿದ್ದಾರೆ.

"ಅವರ ಪರವಾಗಿ ಪತ್ರ ತಯಾರು ಮಾಡಿದ್ದು ನಾನು ಮೇಡಂ. ತಪ್ಪು ನಂದೇ. ಎಂಟಡಿ ಮಾಡ್ಸಿ," ಎನ್ನುತ್ತಾರೆ ಅಡವಿಯಪ್ಪ.

"ವಿವರಣೆ ಬರೆದುಕೊಡಬೇಕಾಗುತ್ತೆ ಅಡವಿಯಪ್ಪನವರೇ. ಮೇಲಕ್ಕೆ ಹೋಗುತ್ತೆ ಅದು."

"ಬರ್ಕೊಡ್ತೀನಿ. ಏನ್ ಬೇಕು ಅಂತ ಕಟ್ಸೋರಿಗೇ ಗೊತ್ತಿಲ್ದಿದ್ರೆ, ಕಟ್ಟೋರ್ನ ಅಂದು ಏನ್ ಪ್ರಯೋಜನ?"

ಕೆಲಸ ನಾಲ್ಕು ದಿನ ಮುಂದಕ್ಕೆ ಹೋಗುತ್ತದೆ. ಜೆಸಿಬಿ ಹಿಂದಿರುಗುತ್ತದೆ. ಹೊಂಗೆಮರದ ನೆರಳಲ್ಲಿ ಕೂತು, ಮೊಣಕಾಲ ಮೇಲೆ ಹಾಳೆಯಿಟ್ಟುಕೊಂಡು ಅಡವಿಯಪ್ಪ ವಿವರಣೆ ಬರೆಯುತ್ತಾರೆ: ಅಳತೆಯ ಲೋಪ ಸಂಪೂರ್ಣ ನನ್ನದು.

ಹೋದ ಮಳೆಗಾಲದಲ್ಲಿ ಅವರು ಫೋನ್ ಮಾಡಿ ಕೇಳಿದಾಗ, ಸ್ಟ್ರೆಚರಿನ ಉದ್ದಗಲ ಹೇಳಿ, ಐದಡಿ ಸಾಕು ಎಂದವರು ದಾಕ್ಷಾಯಣಿ. ಅದನ್ನು ಅಡವಿಯಪ್ಪ ಯಾರಿಗೂ ಹೇಳಲಿಲ್ಲ.